ಸೆವೆನ್ ಬೆಟ್ಟಸೀಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಫ್ರಾನ್ಸಿನ ಸೆವೆನ್ (Cévennes) ಎಂಬ ಬೆಟ್ಟಗಳ ಮಾತು ಎತ್ತಿದರೆ ಸಾಕು, ಪ್ರಶ್ನೆಗಳು ಬರುತ್ತವೆ. ಕೆಲವರು ಎದುರಿಗೇ ಕೇಳುತ್ತಾರೆ, ಕೆಲವರು ಪತ್ರ ಬರೆಯುತ್ತಾರೆ, ಕೆಲವರು ಕಮೆಂಟ್ ಹಾಕುತ್ತಾರೆ. ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ. ರೇಷ್ಮೆ ಬೆಳೆಯುವ ಮನೆಯವರು ಬೇಕಿದ್ದರೆ ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## 1. ಮೊದಲ ಪರಿಚಯ

ಸೆವೆನ್ ಎಲ್ಲಿದೆ? ಆಲ್ಪ್ಸ್ ಪಕ್ಕದಲ್ಲಾ?

ಅಲ್ಲ. ಆಲ್ಪ್ಸ್ ಇರುವುದು ರೋನ್ ನದಿಯ ಪೂರ್ವಕ್ಕೆ. ಸೆವೆನ್ ಇರುವುದು ಪಶ್ಚಿಮಕ್ಕೆ. ಫ್ರಾನ್ಸಿನ ನಡುವೆ ಮಾಸಿಫ್ ಸಾಂತ್ರಾಲ್ ಎಂಬ ಹಳೆಯ ಎತ್ತರದ ಸೀಮೆ ಇದೆ. ಅದು ಆಗ್ನೇಯಕ್ಕೆ ಮುಗಿದು ಮೆಡಿಟರೇನಿಯನ್ ಬಯಲಿಗೆ ಇಳಿಯುವ ಅಂಚೇ ಸೆವೆನ್. ಲೊಜೇರ್ ಮತ್ತು ಗಾರ್ ಜಿಲ್ಲೆಗಳಲ್ಲಿ ಇದರ ಹೆಚ್ಚಿನ ಭಾಗ ಬರುತ್ತದೆ. ಆರ್ದೆಶ್ ಮತ್ತು ಎರೋ ಜಿಲ್ಲೆಗಳಿಗೂ ಸ್ವಲ್ಪ ಚಾಚಿದೆ.

ಇಲ್ಲಿನ ಅತಿ ಎತ್ತರದ ಜಾಗ ಲೊಜೇರ್ ಬೆಟ್ಟದ ಫಿನಿಯೆಲ್ ಶಿಖರ, 1699 ಮೀಟರ್. ದಕ್ಷಿಣದಲ್ಲಿ ಎಗುವಾಲ್ ಬೆಟ್ಟ ಇದೆ, ಅದೂ 1560 ಮೀಟರ್ ದಾಟುತ್ತದೆ. ಹಿಮನದಿ, ಚೂಪು ಶಿಖರ ಯಾವುದೂ ಇಲ್ಲ. ಆದರೆ ಕಣಿವೆಗಳು ಬಹಳ ಇಕ್ಕಟ್ಟು, ಇಳಿಜಾರು ಬಹಳ ಕಡಿದು. ಎದುರಿನ ಗುಡ್ಡದ ಮನೆ ಕಣ್ಣಿಗೆ ಹತ್ತಿರ ಕಾಣುತ್ತದೆ. ನಡೆದು ಹೋಗಿ ಮುಟ್ಟಲು ಅರ್ಧ ದಿನ ಬೇಕಾಗುತ್ತದೆ. ಇಲ್ಲಿನ ಚರಿತ್ರೆಯ ಅರ್ಧ ಈ ಒಂದು ಸಂಗತಿಯಿಂದ ಹುಟ್ಟಿದ್ದು.

ಬೆಟ್ಟ ಅಂದ್ರೆ ಎಲ್ಲಾ ಕಡೆ ಒಂದೇ ಥರ ಇರುತ್ತಾ?

ಇಲ್ಲ, ಕಲ್ಲು ಬದಲಾದಂತೆ ಊರೂ ಬದಲಾಗುತ್ತದೆ. ಲೊಜೇರ್ ಬೆಟ್ಟದ ಮೇಲೆ ಗ್ರಾನೈಟ್. ಅಲ್ಲಿ ದಪ್ಪ ಗೋಡೆಯ ಮನೆಗಳು, ಹುಲ್ಲುಗಾವಲು, ಸದಾ ಗಾಳಿ. ಕೆಳಗಿನ ಕಣಿವೆಗಳಲ್ಲಿ ಶಿಸ್ಟ್ ಎಂಬ ಪದರಗಲ್ಲು. ಅದು ತೆಳುವಾಗಿ ಸೀಳುತ್ತದೆ. ಆದ್ದರಿಂದ ಗೋಡೆ, ಛಾವಣಿ, ಮೆಟ್ಟಿಲು, ಹೊಲದ ಕಟ್ಟೆ ಎಲ್ಲವೂ ಅದರದ್ದೇ. ಪಶ್ಚಿಮಕ್ಕೆ ಹೋದರೆ ಕೋಸ್ ಎಂಬ ಸುಣ್ಣಕಲ್ಲಿನ ಒಣ ಬಯಲು. ನೀರೆಲ್ಲ ನೆಲದೊಳಗೆ ಇಂಗಿಹೋಗುತ್ತದೆ, ಹಾಗಾಗಿ ಮೇಲೆ ಕುರಿ ಬಿಟ್ಟು ಬೇರೆ ಬದುಕು ಕಷ್ಟ. ಹಠ ಹಿಡಿದು ಹೇಳುವವರು ಶಿಸ್ಟ್ ಕಣಿವೆ ಮಾತ್ರ ನಿಜವಾದ ಸೆವೆನ್ ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಕುರಿ, ನೀರು, ವ್ಯಾಪಾರ ಈ ಮೂರು ಬಗೆಯ ನೆಲವನ್ನೂ ಯಾವಾಗಲೂ ಒಂದಕ್ಕೊಂದು ಕಟ್ಟಿವೆ.

ನೀರಿನ ಲೆಕ್ಕವೂ ಇಲ್ಲಿ ಎರಡು ಪಾಲು. ತಾರ್ನ್ ನದಿ ಲೊಜೇರ್ ಬೆಟ್ಟದಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು, ಗಾರೊನ್ ನದಿ ಸೇರಿ ಅಟ್ಲಾಂಟಿಕ್‌ಗೆ ಹೋಗುತ್ತದೆ. ಗಾರ್ದೊನ್ ಹೊಳೆಗಳು ಪೂರ್ವಕ್ಕೆ ಇಳಿದು ರೋನ್ ಮೂಲಕ ಮೆಡಿಟರೇನಿಯನ್ ಸೇರುತ್ತವೆ. ರೋಮನ್ನರ ಹೆಸರಾಂತ ಪೋಂ ದ್ಯು ಗಾರ್ ಸೇತುವೆ ನಿಂತಿರುವುದು ಇದೇ ಗಾರ್ದೊನ್ ನೀರಿನ ಮೇಲೆ.

ಒಕ್ಸಿತಾನ್ ಅಂದ್ರೆ ಏನು? ಅದೊಂದು ದೇಶಾನಾ?

ದೇಶವಾಗಿ ಅದು ಯಾವತ್ತೂ ಇರಲಿಲ್ಲ. ಅದು ಒಂದು ಭಾಷೆ, ಆ ಭಾಷೆ ಆಡುವ ನಾಡು. ಲ್ಯಾಟಿನ್‌ನಿಂದ ಬಂದದ್ದು, ಫ್ರೆಂಚ್‌ಗಿಂತ ಕತಲಾನ್ ಭಾಷೆಗೆ ಹತ್ತಿರ. ಫ್ರಾನ್ಸಿನ ದಕ್ಷಿಣದ ಮೂರನೇ ಒಂದು ಭಾಗ, ಇಟಲಿಯ ಪಿಯೆಮೊಂತೆಯ ಕೆಲವು ಕಣಿವೆಗಳು, ಸ್ಪೇನಿನ ಅರಾನ್ ಕಣಿವೆ – ಇಷ್ಟು ಅದರ ಹರವು. ಅರಾನ್ ಇರುವ ಕತಲೋನಿಯಾ ಪ್ರಾಂತ್ಯದಲ್ಲಿ ಮಾತ್ರ ಅದಕ್ಕೆ ಸರ್ಕಾರಿ ಭಾಷೆಯ ಸ್ಥಾನ ಇದೆ. 12ನೇ ಶತಮಾನದಲ್ಲಿ ತ್ರುಬದೂರ್ ಕವಿಗಳು ಹಾಡಿದ್ದು ಈ ಭಾಷೆಯಲ್ಲಿ. ಪ್ರೊವಾನ್ಸ್‌ನ ಫ್ರೆದೆರಿಕ್ ಮಿಸ್ತ್ರಾಲ್‌ಗೆ 1904ರಲ್ಲಿ ಸಾಹಿತ್ಯದ ನೊಬೆಲ್ ಬಂದದ್ದೂ ಇದರಲ್ಲೇ ಬರೆದದ್ದಕ್ಕೆ.

2016ರಲ್ಲಿ ಫ್ರಾನ್ಸ್ ‘ಒಕ್ಸಿತಾನಿ’ ಎಂಬ ಆಡಳಿತ ಪ್ರಾಂತ್ಯ ಮಾಡಿತು. ಸೆವೆನ್‌ನ ಬಹುಭಾಗ ಅದರಲ್ಲಿದೆ. ಆದರೆ ಭಾಷೆಯ ನಾಡು ಆ ಪ್ರಾಂತ್ಯಕ್ಕಿಂತ ತುಂಬಾ ದೊಡ್ಡದು. ಎರಡನ್ನೂ ಒಂದೇ ಅಂದುಕೊಳ್ಳಬಾರದು.

ಅಲ್ಲಿ ಮಳೆ ಹೇಗೆ? ಆಗುಂಬೆ ಥರಾನಾ?

ಒಟ್ಟು ಮಳೆಯಲ್ಲಿ ಆಗುಂಬೆಯ ಹತ್ತಿರಕ್ಕೂ ಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರುತ್ತದೆ. ಎಗುವಾಲ್ ತುದಿಯಲ್ಲಿ ಸುಮಾರು 2000. ಆದರೆ ಭಯ ಇರುವುದು ಒಟ್ಟು ಮಳೆಯಲ್ಲಲ್ಲ, ಒಂದೇ ದಿನದಲ್ಲಿ ಸುರಿಯುವ ಮಳೆಯಲ್ಲಿ. ಬೇಸಿಗೆ ಮುಗಿಯುವಾಗ ಮೆಡಿಟರೇನಿಯನ್ ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ದಕ್ಷಿಣದ ಗಾಳಿ ಆ ತೇವವನ್ನೆಲ್ಲ ಹೊತ್ತು ತಂದು ಬೆಟ್ಟಕ್ಕೆ ಬಡಿಯುತ್ತದೆ. ಮೋಡ ಅಲ್ಲೇ ನಿಂತು ಸುರಿಯುತ್ತದೆ, ಕದಲುವುದಿಲ್ಲ. ಫ್ರಾನ್ಸಿನ ಹವಾಮಾನದವರು ಇಂಥ ಮಳೆಗೆ ಈ ಬೆಟ್ಟದ ಹೆಸರನ್ನೇ ಇಟ್ಟಿದ್ದಾರೆ.

1900ರ ಸೆಪ್ಟೆಂಬರ್ 29ರಂದು ಎಗುವಾಲ್ ತಪ್ಪಲಿನ ವಾಲ್ರೋಗ್‌ನಲ್ಲಿ ಒಂದೇ ದಿನ 950 ಮಿಲಿಮೀಟರ್ ಬಿತ್ತು. 2002ರ ಸೆಪ್ಟೆಂಬರ್ 8 ಮತ್ತು 9ರ ಮಳೆಗೆ ಗಾರ್ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆಯಲ್ಲಿ ಮಕ್ಕಳು ದಾಟುವ ಹಳ್ಳ ಒಂದು ಗಂಟೆಯಲ್ಲಿ ಸೇತುವೆ ಮುಳುಗಿಸುತ್ತದೆ. ಹಳೆಯ ಮನೆಗಳೆಲ್ಲ ಹೊಳೆಯಿಂದ ಮೇಲಕ್ಕೆ ಇರುವುದು ಸುಮ್ನೆ ಅಲ್ಲ.

ಹೋಗಬೇಕಂದ್ರೆ ಯಾವ ಕಾಲ ಒಳ್ಳೇದು?

ಮೇ ಕೊನೆ, ಜೂನ್ ನನ್ನ ಮೊದಲ ಆಯ್ಕೆ. ಗುಡ್ಡ ಹಸಿರಾಗಿರುತ್ತದೆ, ಜೂನ್‌ನಲ್ಲಿ ಕುರಿ ಹಿಂಡುಗಳು ಬೆಟ್ಟ ಹತ್ತುತ್ತವೆ. ಅಕ್ಟೋಬರ್ ಚೆಸ್ಟ್‌ನಟ್ ಕಾಲ, ಕಾಡಿನ ಬಣ್ಣವೂ ಚೆಂದ, ಆದರೆ ಮಳೆ ಎಚ್ಚರಿಕೆ ನೋಡಿಕೊಂಡೇ ಹೊರಡಬೇಕು. ನೀಮ್ ಅಥವಾ ಅಲೆಸ್‌ವರೆಗೆ ರೈಲಿದೆ. ಕ್ಲೆರ್ಮೋಂ-ಫೆರಾಂನಿಂದ ನೀಮ್‌ಗೆ ಬರುವ ರೈಲು ಬೆಟ್ಟದೊಳಗಿಂದಲೇ ಹಾದು ಬರುತ್ತದೆ. ಸಮಯ ಇದ್ದವರು ಅದನ್ನೇ ಹಿಡಿಯಿರಿ. ಒಳಗಿನ ಕಣಿವೆಗಳಿಗೆ ಬಸ್ಸು ಕಡಿಮೆ.

ನಡೆಯುವವರಿಗೆ ಒಂದು ಒಳ್ಳೆಯ ದಾರಿ ಇದೆ. ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ 1878ರಲ್ಲಿ ಮೊದೆಸ್ತಿನ್ ಎಂಬ ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಮೊನಾಸ್ತಿಯೆಯಿಂದ ಸ್ಯಾಂ ಜಾಂ ದ್ಯು ಗಾರ್‌ವರೆಗೆ ನಡೆದಿದ್ದ. ಆ ದಾರಿ ಈಗ ಗುರುತು ಹಾಕಿದ ಕಾಲುಹಾದಿ. ಇವತ್ತಿಗೂ ಬಾಡಿಗೆಗೆ ಕತ್ತೆ ಸಿಗುತ್ತದೆ.

ಗೆವೊದಾನ್ ಮೃಗದ ಕಥೆ ಇಲ್ಲಿಯದ್ದಾ?

ಪಕ್ಕದ್ದು. 1764ರಿಂದ 1767ರವರೆಗೆ ಜನರನ್ನು ಕೊಂದ ಆ ಪ್ರಾಣಿ ಓಡಾಡಿದ್ದು ಹೆಚ್ಚಾಗಿ ಉತ್ತರದ ಮಾರ್ಜೆರಿದ್ ಗುಡ್ಡಗಳಲ್ಲಿ.

## 2. ಬದುಕು ಮತ್ತು ಊಟ

ಗುಡ್ಡದ ತುಂಬಾ ಮೆಟ್ಟಿಲು ಹೊಲ ಯಾಕೆ? ಯಾರು ಕಟ್ಟಿದ್ದು?

ರೈತರೇ ಕಟ್ಟಿದ್ದು, ತಲೆಮಾರುಗಳ ಕಾಲ. ಸಪಾಟು ನೆಲವೇ ಇಲ್ಲದ ಕಡೆ ಹೊಲ ಬೇಕೆಂದರೆ ಹೊಲವನ್ನೇ ತಯಾರು ಮಾಡಬೇಕು. ಶಿಸ್ಟ್ ಕಲ್ಲನ್ನು ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿ ಗೋಡೆ ಎತ್ತಿದರು. ಹಿಂದೆ ಮಣ್ಣು ತುಂಬಿದರು. ಅಗಲ ಎಷ್ಟೋ ಕಡೆ ಎರಡು ಮೂರು ಮೀಟರ್ ಅಷ್ಟೇ.

ಈ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಗಾರೆ ಇಲ್ಲದ್ದರಿಂದ ನೀರು ಸಂದುಗಳಲ್ಲಿ ಸೋರಿ ಹೊರಬರುತ್ತದೆ, ಗೋಡೆಯ ಬೆನ್ನಿಗೆ ಒತ್ತಡ ಬೀಳುವುದಿಲ್ಲ. ದೊಡ್ಡ ಕಲ್ಲಿನ ಉದ್ದ ಭಾಗ ಗುಡ್ಡದೊಳಗೆ ಹೋಗಿರುತ್ತದೆ. ನಮಗೆ ಕಾಣುವುದು ತುದಿ ಮಾತ್ರ. ಇಡೀ ಗೋಡೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಮಳೆ ನೀರನ್ನು ಪಕ್ಕಕ್ಕೆ ತಿರುಗಿಸಲು ಕಲ್ಲು ಹಾಸಿದ ಕಾಲುವೆಗಳು ಬೇರೆ. ಹಳ್ಳಗಳಿಗೆ ಅಡ್ಡಲಾಗಿ ಸಣ್ಣ ಕಲ್ಲುಕಟ್ಟೆಗಳು, ಅದರ ಹಿಂದೆ ನಿಂತ ಮಣ್ಣಿನಲ್ಲಿ ಮತ್ತೆ ಬೆಳೆ. ಹಾಗಿದ್ದೂ ದೊಡ್ಡ ಮಳೆಗೆ ಮಣ್ಣು ಕೊಚ್ಚಿ ಕೆಳಗೆ ಹೋಗುತ್ತಿತ್ತು. ಮಳೆ ನಿಂತ ಮೇಲೆ ಮನೆಯವರು ಆ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ, ಬೆನ್ನ ಮೇಲೆ ಹೊತ್ತು, ವಾಪಸ್ ಮೇಲೆ ಹಾಕುತ್ತಿದ್ದರು. ಈ ನೋಟವನ್ನು ‘ಪ್ರಕೃತಿ ಸೌಂದರ್ಯ’ ಎಂದು ಕರೆದಾಗ ನನಗೆ ಬೇಸರವಾಗುತ್ತದೆ. ಇದು ಮನುಷ್ಯರ ಬೆನ್ನು ಕಟ್ಟಿದ ಬೆಟ್ಟ.

ಗಾರೆ ಇಲ್ಲದೆ ಕಲ್ಲು ಕಟ್ಟುವ ಕಸುಬನ್ನು 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಫ್ರಾನ್ಸ್ ಸೇರಿ ಎಂಟು ದೇಶಗಳ ಹೆಸರಿನಲ್ಲಿ.

ಅಕ್ಕಿ ಇಲ್ಲ, ಗೋಧಿ ಕಷ್ಟ. ಹಾಗಾದ್ರೆ ಏನು ತಿಂತಿದ್ರು?

ಚೆಸ್ಟ್‌ನಟ್. ಸೆವೆನ್ ಜನ ಆ ಮರವನ್ನು ‘ರೊಟ್ಟಿ ಮರ’ ಅನ್ನುತ್ತಿದ್ದರು. ಅದು ಕಾಡುಮರವಲ್ಲ, ಕಸಿ ಮಾಡಿ, ಕೊಂಬೆ ಸವರಿ, ಬುಡಕ್ಕೆ ಕಟ್ಟೆ ಕಟ್ಟಿ ಸಾಕಿದ ತೋಟದ ಮರ. ಅಕ್ಟೋಬರ್‌ನಲ್ಲಿ ಮುಳ್ಳುಕಾಯಿ ಬೀಳುತ್ತದೆ, ಇಡೀ ಮನೆ ಆರಿಸಲು ಹೋಗುತ್ತದೆ.

ಹಸಿ ಕಾಯಿ ಬೇಗ ಕೆಡುತ್ತದೆ. ಅದಕ್ಕೆ ಕ್ಲೇದ್ ಎಂಬ ಸಣ್ಣ ಕಲ್ಲಿನ ಮನೆ. ಮಧ್ಯೆ ಮರದ ಪಟ್ಟಿಗಳ ಅಟ್ಟ, ಅದರ ಮೇಲೆ ಕಾಯಿ ರಾಶಿ. ಕೆಳಗೆ ಉರಿ ಏಳದ ಹಾಗೆ ಹೊಗೆಬೆಂಕಿ. ಮೂರು ನಾಲ್ಕು ವಾರ ಅದನ್ನು ಆರದ ಹಾಗೆ, ಹೊತ್ತದ ಹಾಗೆ ನೋಡಿಕೊಳ್ಳಬೇಕು. ಒಣಗಿದ ಕಾಯಿಯನ್ನು ಮುಳ್ಳು ಹೊಡೆದ ಮರದ ಪಾದರಕ್ಷೆ ಹಾಕಿ ತುಳಿದು ಸಿಪ್ಪೆ ಬಿಡಿಸುತ್ತಿದ್ದರು. ಹಾಗೆ ಮಾಡಿದ ಬಿಳಿ ಚೆಸ್ಟ್‌ನಟ್ ವರ್ಷವಿಡೀ ಇಡಬಹುದು. ಅದನ್ನು ನೀರಲ್ಲಿ ನಿಧಾನ ಬೇಯಿಸಿ ಹಾಲು ಸೇರಿಸಿದರೆ ಬಜಾನಾ ಎಂಬ ಗಂಜಿ. ಚಳಿಗಾಲದಲ್ಲಿ ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಹೊಗೆಯ ವಾಸನೆ, ಮೆಲ್ಲನೆಯ ಸಿಹಿ. ಎಲೆ ಮೇಕೆಗೆ, ಸಿಪ್ಪೆ ಒಲೆಗೆ, ಟೊಳ್ಳು ಕಾಂಡ ಜೇನುಪೆಟ್ಟಿಗೆಗೆ. ಕಾಂಡದ ತುಂಡು ನಿಲ್ಲಿಸಿ ಮೇಲೆ ಶಿಸ್ಟ್ ಚಪ್ಪಡಿ ಮುಚ್ಚಿದ ಜೇನುಗೂಡುಗಳ ಸಾಲು ಈಗಲೂ ಗುಡ್ಡಗಳಲ್ಲಿ ಕಾಣುತ್ತವೆ.

19ನೇ ಶತಮಾನದ ಕೊನೆಯಿಂದ ಬೇರು ಕೊಳೆಸುವ ರೋಗ ಬಂತು. ಆಮೇಲೆ ಚರ್ಮ ಹದ ಮಾಡುವ ರಸಕ್ಕಾಗಿ ಕಾರ್ಖಾನೆಗಳು ಮರಗಳನ್ನೇ ಕಡಿಸಿದವು. 20ನೇ ಶತಮಾನದಲ್ಲಿ ತೊಗಟೆ ರೋಗ. ತೋಟಗಳು ಕಾಡಾದವು. ಈಗ ಮತ್ತೆ ಕೆಲವರು ಹಳೆ ಮರ ಸವರಿ ಬದುಕಿಸುತ್ತಿದ್ದಾರೆ.

ಈಗ ಅಲ್ಲಿ ಹೋದ್ರೆ ಏನು ತಿನ್ನಬೇಕು?

ಪೆಲಾರ್ದೊನ್ ಎಂಬ ಮೇಕೆ ಹಾಲಿನ ಸಣ್ಣ ಚೀಸ್. ಮೆಟ್ಟಿಲು ಹೊಲದಲ್ಲೇ ಬೆಳೆಯುವ ಸಿಹಿ ಈರುಳ್ಳಿ, ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಎರಡಕ್ಕೂ ಊರಿನ ಹೆಸರಿನ ರಕ್ಷಣೆ ಇದೆ. ಚೀಸ್‌ಗೆ 2000ರಲ್ಲಿ, ಈರುಳ್ಳಿಗೆ 2003ರಲ್ಲಿ ಸಿಕ್ಕಿತು. ಸಸ್ಯಾಹಾರಿಗಳಿಗೆ ಚೆಸ್ಟ್‌ನಟ್ ಗಂಜಿ, ಚೆಸ್ಟ್‌ನಟ್ ಹಿಟ್ಟಿನ ತಿಂಡಿಗಳು ಧಾರಾಳ. ಆದರೆ ಗಂಜಿಗೆ ಕೆಲವರು ಹಂದಿ ಮಾಂಸದ ತುಂಡು ಹಾಕುತ್ತಾರೆ, ಮೊದಲೇ ಕೇಳಿ.

ಕುರಿ ಮೆರವಣಿಗೆ ಅಂತಾರಲ್ಲ, ಅದು ಹಬ್ಬಾನಾ?

ಮೊದಲು ಅದು ಕೆಲಸ. ಬಯಲಿನಲ್ಲಿ ಬೇಸಿಗೆಗೆ ಹುಲ್ಲು ಒಣಗುತ್ತದೆ. ಆಗ ಹಿಂಡುಗಳನ್ನು ಲೊಜೇರ್, ಎಗುವಾಲ್ ಬೆಟ್ಟಗಳಿಗೆ ನಡೆಸಿಕೊಂಡು ಹೋಗುತ್ತಾರೆ, ಚಳಿಗೆ ಮುಂಚೆ ಇಳಿಸುತ್ತಾರೆ. ಬೆಟ್ಟದ ಏಣುಗಳ ಮೇಲೆ ಕುರಿಗಳು ನಡೆದು ನಡೆದು ಸವೆದ ಅಗಲ ದಾರಿಗಳಿವೆ. ಅವು ಬಹಳ ಹಳೆಯವು. ಹೊರಡುವ ಮುಂಚೆ ಕುರಿಗಳಿಗೆ ಬಣ್ಣದ ಉಣ್ಣೆ ಗೊಂಡೆ ಕಟ್ಟುತ್ತಾರೆ, ದೊಡ್ಡ ಗಂಟೆ ಹಾಕುತ್ತಾರೆ. ಜೂನ್ ಮಧ್ಯದಲ್ಲಿ ಎಗುವಾಲ್ ಹತ್ತಿರದ ಎಸ್ಪೆರು ಊರಿಗೆ ಹಿಂಡು ಬರುವಾಗ ಜನ ಸೇರುತ್ತಾರೆ. ಈಗ ಲಾರಿಯಲ್ಲಿ ಸಾಗಿಸುವವರೇ ಜಾಸ್ತಿ, ನಡೆಸುವವರು ಕಡಿಮೆ.

## 3. ರೇಷ್ಮೆ

ಫ್ರಾನ್ಸಿನ ಬೆಟ್ಟದಲ್ಲಿ ರೇಷ್ಮೆನಾ? ನಿಜಾನಾ?

ನಿಜ. ಒಂದು ಕಾಲದಲ್ಲಿ ಸೆವೆನ್ ಬದುಕಿದ್ದೇ ರೇಷ್ಮೆಯಿಂದ. 1600ರ ಹೊತ್ತಿಗೆ ನಾಲ್ಕನೇ ಹೆನ್ರಿ ರಾಜನ ಕಾಲದಲ್ಲಿ ಒಲಿವಿಯೆ ದ ಸೆರ್ ಎಂಬ ಕೃಷಿ ಪಂಡಿತ ಹಿಪ್ಪುನೇರಳೆ ನೆಡಿ ಎಂದು ಒತ್ತಾಯಿಸಿದ. 1709ರ ಭೀಕರ ಚಳಿಗೆ ಆಲಿವ್, ಚೆಸ್ಟ್‌ನಟ್ ಮರಗಳು ಸತ್ತವು, ಆ ಜಾಗದಲ್ಲಿ ಹಿಪ್ಪುನೇರಳೆ ಬಂತು. ಚೆಸ್ಟ್‌ನಟ್ ರೊಟ್ಟಿ ಮರವಾದರೆ ಇದು ‘ಚಿನ್ನದ ಮರ’. ಊಟ ಒಂದರಿಂದ, ಕಾಸು ಇನ್ನೊಂದರಿಂದ. ಫ್ರಾನ್ಸಿನಲ್ಲಿ ಗೂಡಿನ ಉತ್ಪಾದನೆ ತುತ್ತತುದಿ ಮುಟ್ಟಿದ್ದು 1853ರಲ್ಲಿ, ಸುಮಾರು 26,000 ಟನ್.

ನಮ್ಮಲ್ಲಿ ಸಾಕೋ ಥರಾನೇ ಸಾಕ್ತಿದ್ರಾ?

ಹುಳು ಅದೇ ಜಾತಿ, ಸೊಪ್ಪು ಅದೇ, ನಾಲ್ಕು ಜ್ವರ (ಹುಳು ಪೊರೆ ಬಿಡುವ ಹಂತ) ಅದೇ. ಮುಖ್ಯ ವ್ಯತ್ಯಾಸ ಬೆಳೆಯ ಲೆಕ್ಕದಲ್ಲಿದೆ. ನಮ್ಮ ರಾಮನಗರ, ಶಿಡ್ಲಘಟ್ಟ ಕಡೆ ವರ್ಷದಲ್ಲಿ ಹಲವು ಬೆಳೆ ತೆಗೆಯುತ್ತೇವೆ. ಅಲ್ಲಿ ಚಿಗುರು ಬರುವುದೇ ವಸಂತದಲ್ಲಿ, ಆದ್ದರಿಂದ ವರ್ಷಕ್ಕೆ ಒಂದೇ ಬೆಳೆ. ಅದು ಕೈಕೊಟ್ಟರೆ ಮುಂದಿನ ವರ್ಷದವರೆಗೆ ಕಾಸಿಲ್ಲ.

ಮೊಟ್ಟೆ ಒಡೆಯಲು ಕಾವು ಬೇಕು. ಹೆಂಗಸರು ಮೊಟ್ಟೆಯನ್ನು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ, ಮೈಗೆ ತಾಗುವ ಹಾಗೆ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದರು. ಹುಳು ಮನೆ ಎತ್ತರದ ಕಟ್ಟಡ, ಮೂಲೆಗಳಲ್ಲಿ ಒಲೆ, ಒಂದರ ಮೇಲೊಂದು ತಟ್ಟೆ. ಕೊನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು. ಹುಳು ಹಣ್ಣಾದಾಗ ನಮ್ಮಲ್ಲಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತೇವೆ ಅಲ್ವಾ, ಅವರು ಗುಡ್ಡದಿಂದ ಹೀದರ್ ಗಿಡದ ಒಣ ಕೊಂಬೆ ತಂದು ಕಮಾನಿನಂತೆ ನಿಲ್ಲಿಸುತ್ತಿದ್ದರು. ಹುಳು ಅದನ್ನು ಹತ್ತಿ ಗೂಡು ಕಟ್ಟುತ್ತಿತ್ತು.

ನೂಲು ತೆಗೆಯುವ ಕಾರ್ಖಾನೆಗಳಲ್ಲಿ ದುಡಿದವರು ಹುಡುಗಿಯರು ಮತ್ತು ಹೆಂಗಸರು. ಕುದಿಯುವ ಹಾಗಿರುವ ನೀರಲ್ಲಿ ದಿನವಿಡೀ ಬೆರಳು. ಸ್ಯಾಂ ಜಾಂ ದ್ಯು ಗಾರ್‌ನ ಅಂಥ ಒಂದು ಕಾರ್ಖಾನೆ 1965ರವರೆಗೂ ನಡೆಯಿತು. ಅದರಲ್ಲೇ ಈಗ ‘ಮೆಜೋಂ ರೂಜ್’ ವಸ್ತುಸಂಗ್ರಹಾಲಯ ಇದೆ. ರೇಷ್ಮೆ ಸೀಮೆಯವರು ಅಲ್ಲಿಗೆ ಹೋದರೆ ಯಾರೂ ವಿವರಿಸದೇ ಅರ್ಧಕ್ಕರ್ಧ ವಸ್ತು ಗುರುತು ಹಿಡಿಯುತ್ತಾರೆ.

ಲೂಯಿ ಪಾಶ್ಚರ್‌ಗೂ ಈ ಊರಿಗೂ ಏನು ಸಂಬಂಧ?

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ ಇದು. 1850ರ ದಶಕದಿಂದ ಇಲ್ಲಿನ ಹುಳುಗಳಿಗೆ ಪೆಬ್ರಿನ್ ಎಂಬ ರೋಗ ಬಂತು. ನಮ್ಮಲ್ಲಿ ಗಂಟು ರೋಗ ಅನ್ನುವುದು ಅದನ್ನೇ. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ, ಹುಳು ಸೊಪ್ಪು ಬಿಡುತ್ತದೆ, ಸಾಯುತ್ತದೆ. ಕೆಲವೇ ವರ್ಷಗಳಲ್ಲಿ ಬೆಳೆ ನೆಲಕಚ್ಚಿತು. ಹೊರದೇಶಗಳಿಂದ ಮೊಟ್ಟೆ ತರಿಸಿದರು. ಅವಕ್ಕೂ ರೋಗ ಹತ್ತಿತು, ಕೊನೆಗೆ ಜಪಾನಿನ ಮೊಟ್ಟೆಯೇ ಗತಿಯಾಯಿತು.

ಅಲೆಸ್ ಊರಿನವರೇ ಆದ ರಸಾಯನ ವಿಜ್ಞಾನಿ ಜಾಂ-ಬತಿಸ್ತ್ ದ್ಯುಮಾ ತಮ್ಮ ಶಿಷ್ಯ ಪಾಶ್ಚರ್‌ಗೆ ಹೋಗು ಎಂದರು. ಪಾಶ್ಚರ್ ಅದುವರೆಗೆ ರೇಷ್ಮೆ ಹುಳು ಮುಟ್ಟಿದವರಲ್ಲ. 1865ರ ಜೂನ್‌ನಲ್ಲಿ ಅಲೆಸ್‌ಗೆ ಬಂದರು. ಅದೇ ವರ್ಷ ತಂದೆ ಸತ್ತರು, ಎರಡು ವರ್ಷದ ಮಗಳು ಸತ್ತಳು. ಮರುವರ್ಷ ಇನ್ನೊಬ್ಬ ಮಗಳು. 1868ರಲ್ಲಿ ಅವರಿಗೇ ಪಾರ್ಶ್ವವಾಯು ಹೊಡೆಯಿತು. ಆದರೂ ಹುಳುವಿನ ಕಾಲಕ್ಕೆ ಅಲೆಸ್‌ಗೆ ಬರುವುದನ್ನು ಬಿಡಲಿಲ್ಲ.

ಅವರು ಕಂಡುಕೊಂಡದ್ದು ಇಷ್ಟು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಹಾಗಾಗಿ ಪ್ರತಿ ಚಿಟ್ಟೆಯನ್ನೂ ಬೇರೆ ಬೇರೆ ಬಟ್ಟೆ ತುಂಡಿನ ಮೇಲೆ ಮೊಟ್ಟೆ ಇಡಲು ಬಿಡಬೇಕು. ಇಟ್ಟಾದ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಟ್ಟುಬಿಡಬೇಕು. ಕಾಣದಿದ್ದರೆ ಅದು ಒಳ್ಳೆಯ ಬಿತ್ತನೆ. ಜೊತೆಗೆ ಇನ್ನೊಂದು ರೋಗ, ನಮ್ಮ ಸಪ್ಪೆ ರೋಗ, ಬೇರೆಯದೇ ಎಂದೂ ತೋರಿಸಿದರು.

ಇವತ್ತು ಕರ್ನಾಟಕದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಯಾವುದೇ ಬಿತ್ತನೆ ಕೋಠಿಗೆ ಹೋಗಿ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕಕ್ಕೆ ಹಿಡಿಯುತ್ತಾರೆ. ರೋಗರಹಿತ ಮೊಟ್ಟೆ ಎಂದು ರೈತರ ಕೈಗೆ ಕೊಡುವುದು ಆ ಪರೀಕ್ಷೆ ಆದ ಮೇಲೆಯೇ. ಅದರ ಮೂಲ ಅಲೆಸ್‌ನ ಆ ಕೆಲಸ. ನಮ್ಮ ರೇಷ್ಮೆ ಸೀಮೆಯ ಮಕ್ಕಳಿಗೆ ಪಾಶ್ಚರ್ ಅಂದರೆ ಹಾಲು ಮತ್ತು ಹುಚ್ಚುನಾಯಿ ಲಸಿಕೆ ಎಂದಷ್ಟೇ ಶಾಲೆಯಲ್ಲಿ ಹೇಳಿಕೊಡುತ್ತೇವೆ. ಈ ಪಾಠ ಮೊದಲು ಬರಬೇಕಿತ್ತು.

ರೋಗಕ್ಕೆ ದಾರಿ ಸಿಕ್ಕಿದ ಮೇಲೂ ರೇಷ್ಮೆ ಯಾಕೆ ನಿಂತುಹೋಯ್ತು?

ಮೊಟ್ಟೆ ಉಳಿಯಿತು, ಬೆಲೆ ಉಳಿಯಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಚೀನಾ, ಜಪಾನಿನ ಕಚ್ಚಾ ರೇಷ್ಮೆ ಅಗ್ಗದಲ್ಲಿ ರೇಷ್ಮೆ ನೇಯುವ ಲಿಯೋಂ ನಗರಕ್ಕೆ ಬಂತು. ಆಮೇಲೆ ಕೃತಕ ರೇಷ್ಮೆ, ಅದರ ಹಿಂದೆ ನೈಲಾನ್. ಅಷ್ಟರಲ್ಲಿ ಅಲೆಸ್ ಸುತ್ತಲ ಕಲ್ಲಿದ್ದಲು ಗಣಿಗಳು ಕೂಲಿ ಕೊಟ್ಟು ಹುಡುಗರನ್ನು ಕರೆದವು. ಆ ಗಣಿಗಳೂ ಈಗ ಮುಚ್ಚಿವೆ.

## 4. ಧರ್ಮ ಮತ್ತು ದಂಗೆ

ಕಮಿಸಾರ್‌ಗಳು ಅಂದ್ರೆ ಯಾರು?

ರಾಜನ ಸೈನ್ಯದ ಎದುರು ಎದ್ದು ನಿಂತ ಸೆವೆನ್‌ನ ಪ್ರೊಟೆಸ್ಟೆಂಟ್ ರೈತರು, ಕುರುಬರು, ಉಣ್ಣೆ ಕೆಲಸದವರು. ಈ ಕಣಿವೆಗಳ ಜನ 16ನೇ ಶತಮಾನದಲ್ಲೇ ಪ್ರೊಟೆಸ್ಟೆಂಟ್ ಆಗಿದ್ದರು. 1598ರ ನಾಂತ್ ಶಾಸನ ಅವರಿಗೆ ಪೂಜೆಯ ಹಕ್ಕು ಕೊಟ್ಟಿತ್ತು. 1685ರಲ್ಲಿ 14ನೇ ಲೂಯಿ ಅದನ್ನು ಕಿತ್ತುಹಾಕಿದ. ಅವರ ಪ್ರಾರ್ಥನಾ ಮಂದಿರಗಳನ್ನು ಕೆಡವಿದರು. ಪಾದ್ರಿಗಳಿಗೆ ದೇಶ ಬಿಡಲು ಹದಿನೈದು ದಿನ ಕೊಟ್ಟರು. ಜನ ಮಾತ್ರ ಬಿಡುವ ಹಾಗಿಲ್ಲ. ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟು ಹಾಕಲು ಕಳಿಸುತ್ತಿದ್ದರು, ಹೆಂಗಸರನ್ನು ಸೆರೆಮನೆಗೆ. ಆದರೂ ಫ್ರಾನ್ಸಿನಿಂದ ಸುಮಾರು 2 ಲಕ್ಷ ಜನ ತಪ್ಪಿಸಿಕೊಂಡು ಹೋದರು. ಉಳಿದವರು ಹೊರಗೆ ಕ್ಯಾಥೊಲಿಕ್, ಒಳಗೆ ಹಳೆಯ ನಂಬಿಕೆ. ರಾತ್ರಿ ಗುಡ್ಡದ ಮರೆಯಲ್ಲಿ ಪ್ರಾರ್ಥನೆ.

ದಂಗೆ ಶುರುವಾಗಿದ್ದು ಹೇಗೆ, ಮುಗಿದದ್ದು ಹೇಗೆ?

ಪೋಂ ದ ಮೋಂವೆರ್ ಎಂಬ ಊರಲ್ಲಿ ಶೈಲಾ ಎಂಬ ಕ್ಯಾಥೊಲಿಕ್ ಪಾದ್ರಿ ಇದ್ದ. ದೇಶ ಬಿಟ್ಟು ಓಡುತ್ತಿದ್ದವರನ್ನು ಹಿಡಿಸಿ ತನ್ನ ಮನೆಯಲ್ಲೇ ಕೂಡಿಹಾಕಿದ್ದ. 1702ರ ಜುಲೈ 24ರ ರಾತ್ರಿ ಒಂದು ಗುಂಪು ಕೀರ್ತನೆ ಹಾಡುತ್ತಾ ಊರಿಗೆ ಬಂತು. ಸೆರೆಯಾಳುಗಳನ್ನು ಬಿಡಿಸಿತು, ಪಾದ್ರಿಯನ್ನು ಕೊಂದಿತು. ಎಸ್ಪ್ರಿ ಸೆಗಿಯೆ ಎಂಬ ನಾಯಕನನ್ನು ಹಿಡಿದು ಮುಂದಿನ ತಿಂಗಳು ಅದೇ ಊರಲ್ಲಿ ಸುಟ್ಟರು. ಅಲ್ಲಿಂದ ಎರಡು ವರ್ಷ ಯುದ್ಧ.

ದೊಡ್ಡ ನಾಯಕರು ಇಬ್ಬರು. ರೊಲಾನ್ ಮತ್ತು ಜಾಂ ಕವಾಲಿಯೆ. ಕವಾಲಿಯೆ ಬ್ರೆಡ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಇಪ್ಪತ್ತೊಂದರ ವಯಸ್ಸಿಗೆ ರಾಜನ ಸೇನಾಪತಿಗಳಾದ ಮಾರ್ಷಲ್‌ಗಳನ್ನು ಸತಾಯಿಸಿದ. ಕಾಡುದಾರಿ ಬಲ್ಲವರು, ಊರೇ ಅನ್ನ ಹಾಕುತ್ತಿತ್ತು. ಅದಕ್ಕೇ ಸೈನ್ಯ ಊರುಗಳನ್ನೇ ಗುರಿ ಮಾಡಿತು. 1703ರ ಶರತ್ಕಾಲದಲ್ಲಿ 466 ಹಳ್ಳಿ, ಕೇರಿಗಳನ್ನು ಸುಟ್ಟುಹಾಕಿತು. ಫಿರಂಗಿ ಸಾಗಿಸಲು ಏಣಿನ ಮೇಲೆ ರಸ್ತೆ ಮಾಡಿಸಿತು. ಪ್ರವಾಸಿಗರು ಇಂದು ಖುಷಿಯಿಂದ ಕಾರು ಓಡಿಸುವ ಸೆವೆನ್ ಕೊರ್ನಿಶ್ ರಸ್ತೆ ಅದೇ.

1704ರ ಮೇನಲ್ಲಿ ಕವಾಲಿಯೆ ನೀಮ್‌ನಲ್ಲಿ ಮಾರ್ಷಲ್ ವಿಲಾರ್ ಜೊತೆ ಮಾತುಕತೆಗೆ ಒಪ್ಪಿದ. ಅವನ ಜೊತೆಗಾರರಲ್ಲೇ ಅನೇಕರು ಅದನ್ನು ದ್ರೋಹ ಅಂದರು. ಅವನು ದೇಶ ಬಿಟ್ಟು, ಬ್ರಿಟಿಷ್ ಸೈನ್ಯ ಸೇರಿ, ಕೊನೆಗೆ ಜರ್ಸಿ ದ್ವೀಪದಲ್ಲಿ ಅಧಿಕಾರಿಯಾದ. ರೊಲಾನ್ ಒಪ್ಪಲಿಲ್ಲ, ಆಗಸ್ಟ್‌ನಲ್ಲಿ ಕೊಂದರು. ಮಿಯಲೆ ಹತ್ತಿರದ ಅವನ ಮನೆ 1910ರ ಹೊತ್ತಿಗೆ ವಸ್ತುಸಂಗ್ರಹಾಲಯವಾಯಿತು. ಪ್ರತಿ ಸೆಪ್ಟೆಂಬರ್‌ನ ಮೊದಲ ಭಾನುವಾರ ಅಲ್ಲಿ ಸಾವಿರಾರು ಜನ ಮರದಡಿ ಪ್ರಾರ್ಥನೆಗೆ ಸೇರುತ್ತಾರೆ.

ಕಮಿಸಾರ್‌ಗಳು ಬರೀ ಒಳ್ಳೆಯವರಾ?

ಇಲ್ಲ. ಅವರೂ ಚರ್ಚು ಸುಟ್ಟರು, ಕ್ಯಾಥೊಲಿಕ್ ಹಳ್ಳಿಗರನ್ನು ಕೊಂದರು. 1703ರ ಫೆಬ್ರವರಿಯಲ್ಲಿ ಫ್ರೆಸಿನೆ ದ ಫುರ್ಕ್ ಊರಿನಲ್ಲಿ ಸತ್ತವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ನನ್ನ ಮನಸ್ಸು ಆ ರೈತರ ಕಡೆಗಿದೆ, ಮುಚ್ಚಿಡುವುದಿಲ್ಲ. ಆದರೆ ಈ ಊರಿನ ಹೆಸರು ಬಿಟ್ಟು ಕಥೆ ಹೇಳುವುದು ಸರಿಯಲ್ಲ.

ಹೊಲದ ನಡುವೆ, ಮನೆ ಪಕ್ಕ ಸಮಾಧಿಗಳು ಯಾಕಿವೆ?

ಊರ ಸ್ಮಶಾನ ಕ್ಯಾಥೊಲಿಕರದ್ದು. ಪ್ರೊಟೆಸ್ಟೆಂಟರಿಗೆ ಅಲ್ಲಿ ಜಾಗ ಇರಲಿಲ್ಲ. ಸತ್ತವರನ್ನು ತಮ್ಮದೇ ನೆಲದಲ್ಲಿ ಮಣ್ಣು ಮಾಡಿದರು, ಕೆಲವು ಕಡೆ ಪಕ್ಕದಲ್ಲಿ ಒಂದು ಸೈಪ್ರಸ್ ಮರ ನೆಟ್ಟರು. 1787ರಲ್ಲಿ ರಾಜ್ಯ ಅವರ ಹುಟ್ಟು, ಮದುವೆ, ಸಾವನ್ನು ದಾಖಲು ಮಾಡಲು ಒಪ್ಪಿತು. ಆದರೆ ಪದ್ಧತಿ ನಿಲ್ಲಲಿಲ್ಲ. ಈಗಲೂ ಅನುಮತಿ ಪಡೆದು ಮನೆಯ ನೆಲದಲ್ಲೇ ಹೂಳುವ ಕುಟುಂಬಗಳಿವೆ. ಹೊಲ ಮಾರಿದರೂ ಸಮಾಧಿ ಜಾಗಕ್ಕೆ ಹೋಗಿಬರುವ ಹಕ್ಕು ಉಳಿಯುತ್ತದೆ.

ಮರಿ ದ್ಯುರಾನ್ ಹೆಸರು ಎಲ್ಲಾ ಕಡೆ ಬರುತ್ತೆ. ಯಾರು ಅವರು?

ಪಕ್ಕದ ವಿವರೆ ಸೀಮೆಯ ಹೆಣ್ಣುಮಗಳು. ಅಣ್ಣ ಗುಟ್ಟಾಗಿ ಪಾದ್ರಿಯಾಗಿದ್ದ ಎಂಬ ಕಾರಣಕ್ಕೆ 1730ರಲ್ಲಿ ಎಗ್ ಮೋರ್ತ್ ಊರಿನ ಕೊನ್‌ಸ್ತಾನ್ಸ್ ಗೋಪುರಕ್ಕೆ ಹಾಕಿದರು. ಆಗ ಆಕೆಗೆ 19. ನಂಬಿಕೆ ಬಿಡುತ್ತೇನೆ ಅಂದಿದ್ದರೆ ಅದೇ ದಿನ ಬಿಡುಗಡೆ. ಅನ್ನಲಿಲ್ಲ. ಹೊರಬಂದದ್ದು 1768ರಲ್ಲಿ, 38 ವರ್ಷದ ಮೇಲೆ. ಆ ಕೋಣೆಯ ಕಲ್ಲಿನಲ್ಲಿ ‘ಎದುರಿಸಿ ನಿಲ್ಲು’ ಎಂದು ಕೊರೆದದ್ದು ಈಗಲೂ ಇದೆ. ಆಕೆಯೇ ಕೊರೆದದ್ದು ಎಂದು ಜನ ನಂಬುತ್ತಾರೆ.

ಎರಡನೇ ಮಹಾಯುದ್ಧದಲ್ಲಿ ಇದೇ ಕಣಿವೆಗಳ ಜನ ಯೆಹೂದ್ಯರನ್ನೂ ನಾಜಿಗಳಿಂದ ಓಡಿಬಂದ ಜರ್ಮನರನ್ನೂ ಬಚ್ಚಿಟ್ಟರು.

## 5. ಸ್ವಲ್ಪ ಆಳಕ್ಕೆ

ಧರ್ಮ, ಭಾಷೆ ಎರಡೂ ಒಟ್ಟಿಗೇ ಉಳಿದವಾ?

ಇಲ್ಲ. ಸೆವೆನ್‌ನ ಸೋಜಿಗ ಇದೇ. ಮನೆಮಾತು ಒಕ್ಸಿತಾನ್. ಬೈಬಲ್ ಮಾತ್ರ ಫ್ರೆಂಚ್, ಕೀರ್ತನೆಗಳೂ ಫ್ರೆಂಚ್. ದಂಗೆಯ ಕಾಲದಲ್ಲಿ ಮೈದುಂಬಿ ನುಡಿಯುತ್ತಿದ್ದ ಹುಡುಗ ಹುಡುಗಿಯರಿದ್ದರು. ದಿನವೂ ಒಕ್ಸಿತಾನ್ ಆಡುವ ಅವರ ಬಾಯಲ್ಲಿ ಆಗ ಶುದ್ಧ ಫ್ರೆಂಚ್ ಬರುತ್ತಿತ್ತು, ಕೇಳಿದವರು ಅದನ್ನೇ ದೇವರ ಗುರುತು ಅಂದುಕೊಂಡರು. ರಾಜನ ಎದುರು ಪ್ರಾಣ ಕೊಟ್ಟವರು ರಾಜನ ಭಾಷೆಯಲ್ಲೇ ಪ್ರಾರ್ಥಿಸಿದರು. ಹಾಗಾಗಿ ಪ್ರೊಟೆಸ್ಟೆಂಟ್ ಊರುಗಳಿಗೆ ಫ್ರೆಂಚ್ ಓದು ಬೇಗ ಬಂತು.

ಆಮೇಲಿನ ಹೊಡೆತ ಶಾಲೆಯಿಂದ. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೈಗೆ ಒಂದು ಮರದ ತುಂಡೋ ಮತ್ತೊಂದೋ ಕೊಡುತ್ತಿದ್ದರು. ಅದು ಇನ್ನೊಬ್ಬ ಆಡಿದವನನ್ನು ಹಿಡಿದು ಅವನಿಗೆ ದಾಟಿಸಬೇಕು. ಸಂಜೆ ಯಾರ ಕೈಯಲ್ಲಿದೆಯೋ ಅವನಿಗೆ ಶಿಕ್ಷೆ. ಮಕ್ಕಳನ್ನೇ ಮಕ್ಕಳ ಮೇಲೆ ಕಾವಲಿಟ್ಟ ಈ ಪದ್ಧತಿಯನ್ನು ಕ್ಷಮಿಸುವುದು ನನಗೆ ಕಷ್ಟ. ಈಗ ಒಕ್ಸಿತಾನ್‌ನಲ್ಲಿ ಪಾಠ ಹೇಳುವ ಕಲಂದ್ರೆತ ಶಾಲೆಗಳಿವೆ. ಹಳ್ಳಿಯ ಅಜ್ಜ ಅಜ್ಜಿಯರ ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಎಗುವಾಲ್ ಕಾಡು ಹುಟ್ಟುಕಾಡಾ, ನೆಟ್ಟ ಕಾಡಾ?

ಬಹುಪಾಲು ನೆಟ್ಟದ್ದು. 19ನೇ ಶತಮಾನದಲ್ಲಿ ಆ ಬೆಟ್ಟ ಬೋಳಾಗಿತ್ತು. ಸೌದೆ, ಇದ್ದಿಲು, ಮಿತಿಮೀರಿದ ಮೇವು. ಪ್ರತಿ ಮಳೆಗೂ ಮಣ್ಣು ಹರಿದುಹೋಗುತ್ತಿತ್ತು. ಅರಣ್ಯಾಧಿಕಾರಿ ಜಾರ್ಜ್ ಫಾಬ್ರ್, ಸಸ್ಯವಿಜ್ಞಾನಿ ಶಾರ್ಲ್ ಫ್ಲಾಓ ಸೇರಿ ಗುಡ್ಡಗಳನ್ನು ಮತ್ತೆ ಹಸಿರು ಮಾಡಿದರು. ತುದಿಯ ಹವಾಮಾನ ಕೇಂದ್ರ 1894ರಲ್ಲಿ ಶುರುವಾಯಿತು. ಫ್ರಾನ್ಸಿನಲ್ಲಿ ಸಿಬ್ಬಂದಿ ನೆಲೆಸಿ ಕೆಲಸ ಮಾಡುತ್ತಿದ್ದ ಕೊನೆಯ ಬೆಟ್ಟದ ಕೇಂದ್ರ ಅದೇ ಆಗಿತ್ತು. 2023ರಿಂದ ಹವಾಮಾನ ಬದಲಾವಣೆ ವಿವರಿಸುವ ಜಾಗವಾಗಿದೆ. ಕುರುಬರಿಗೆ ಆಗ ಈ ನೆಡುವಿಕೆ ಇಷ್ಟವಿರಲಿಲ್ಲ, ಅವರ ಹುಲ್ಲುಗಾವಲು ಹೋಯಿತು. ಅವರ ನಷ್ಟವೂ ನಿಜ, ಕೆಳಗಿನ ಊರುಗಳಿಗೆ ಸಿಕ್ಕ ಆಸರೆಯೂ ನಿಜ.

ರಾಷ್ಟ್ರೀಯ ಉದ್ಯಾನದೊಳಗೆ ಜನ ಇರಬಹುದಾ? ನಮ್ಮಲ್ಲಿ ಎತ್ತಂಗಡಿ ಮಾಡ್ತಾರಲ್ಲ?

ಇಲ್ಲಿ ಜನ ಇದ್ದಾರೆ, ಇರಬೇಕು ಎಂಬುದೇ ಉದ್ದೇಶ. ಉದ್ಯಾನ 1970ರಲ್ಲಿ ಆಯಿತು. ಅದರ ನಡುಭಾಗದಲ್ಲೇ ಮನೆ, ಹೊಲ, ಹಿಂಡುಗಳಿವೆ. 2011ರಲ್ಲಿ ಯುನೆಸ್ಕೊ ಕೋಸ್ ಮತ್ತು ಸೆವೆನ್ ಎರಡನ್ನೂ ವಿಶ್ವ ಪರಂಪರೆಗೆ ಸೇರಿಸಿತು. ಸೇರಿಸಿದ್ದು ಕಾಡು ಎಂದಲ್ಲ, ಬೇಸಾಯ ಮತ್ತು ಕುರಿ ಸಾಕಣೆ ರೂಪಿಸಿದ ನೆಲ ಎಂದು. ಮೇಯಿಸುವುದು ನಿಂತರೆ ಹುಲ್ಲುಗಾವಲು ಪೊದೆಯಾಗುತ್ತದೆ, ಪೊದೆ ಬೇಸಿಗೆಯಲ್ಲಿ ಬೆಂಕಿಗೆ ದಾರಿ ಮಾಡುತ್ತದೆ. ಕಾಡುಪ್ರಾಣಿಗಳ ಕೆಲಸವೂ ನಡೆದಿದೆ. 1981ರಲ್ಲಿ ರಣಹದ್ದುಗಳನ್ನು ಜೋಂತ್ ಕಮರಿಯಲ್ಲಿ ಮತ್ತೆ ಬಿಟ್ಟರು, ಈಗ ಅಲ್ಲಿ ದೊಡ್ಡ ನೆಲೆ. 1993ರಿಂದ ಮೆಜಾನ್ ಬಯಲಿನಲ್ಲಿ ಮಂಗೋಲಿಯಾದ ಪ್ರಜೆವಾಲ್ಸ್ಕಿ ಕುದುರೆಗಳಿವೆ, ಕೆಲವನ್ನು ಮಂಗೋಲಿಯಾಕ್ಕೆ ವಾಪಸ್ ಕಳಿಸಿದ್ದಾರೆ.

ತೋಳ ವಾಪಸ್ ಬಂದಿದೆಯಂತೆ. ಒಳ್ಳೇದಲ್ವಾ?

ಪಟ್ಟಣದಲ್ಲಿ ಕೂತು ಒಳ್ಳೆಯದು ಅನ್ನುವುದು ಸುಲಭ. ಕುರುಬನಿಗೆ ಲೆಕ್ಕ ಬೇರೆ. ಬೇಲಿ ಹಾಕಿ, ಕಾವಲು ನಾಯಿ ಇಡಿ ಎನ್ನುತ್ತಾರೆ. ಆದರೆ ಈ ಬೆಟ್ಟಗಳಲ್ಲಿ ಹಿಂಡು ಹಗಲು ರಾತ್ರಿ ದೊಡ್ಡ ಬಯಲಿನಲ್ಲಿ ಹರಡಿ ಮೇಯುತ್ತದೆ. ರಾತ್ರಿ ದೊಡ್ಡಿಗೆ ತಂದರೆ ಮೇಯುವ ಹೊತ್ತು ಕಡಿಮೆ, ನಡೆಯುವ ದಾರಿ ಜಾಸ್ತಿ, ಸಂಬಳ ಇಬ್ಬರಿಗೆ ಕೊಡಬೇಕು. ಕಾವಲು ನಾಯಿ ಕಾಲುಹಾದಿಯ ಪ್ರವಾಸಿಯನ್ನೂ ಅಟ್ಟುತ್ತದೆ. ತೋಳಕ್ಕೆ ಕಾನೂನಿನ ರಕ್ಷಣೆ ಇದೆ, ಕುರಿ ಸತ್ತರೆ ಪರಿಹಾರವೂ ಇದೆ. ಆದರೆ ಹೆದರಿದ ಹಿಂಡು ಹಾಲು ಬಿಡುವುದಿಲ್ಲ, ಗಬ್ಬ ನಿಲ್ಲುವುದಿಲ್ಲ. ತೋಳ ಇರಲಿ ಎನ್ನುವವನು ನಾನು. ಹಾಗೆ ಹೇಳುವವರು ಎರಡನೇ ಕುರುಬನ ಸಂಬಳವನ್ನೂ ಕೊಡಲು ತಯಾರಿರಬೇಕು. ಪರಿಹಾರದ ಚೆಕ್ಕಿಗಿಂತ ಮೊದಲು ಬರಬೇಕಾದದ್ದು ಅದು.